ಹಿಂದಿನ ಸೀಟಿನವರಿಗೆ ಮೊದಲು ಗೊತ್ತಾಗುತ್ತೆ

ಇವತ್ತು ಒಂದು ಬೇರಿಂಗ್ ಬಗ್ಗೆ ಮಾತಾಡ್ತೀನಿ. ಬೇರಿಂಗ್ ಬಗ್ಗೆ ಏನು ಭಾಷಣ ಅಂತ ನಗಬೇಡಿ, ನನಗೆ ಅದು ಒಂದು ಪಾಠ ಕಲಿಸಿದೆ.

ಪುಣೆಯಲ್ಲಿ ನಾನೂ ನಮ್ಮ ಸೊಸೈಟಿಯ ಕಾಕಾನೂ ಭಾನುವಾರ ಬೆಳಿಗ್ಗೆ ಪಾಷಾಣ್ ಕಡೆ ಟ್ಯಾಂಡೆಮ್ ಓಡಿಸ್ತೀವಿ. ಟ್ಯಾಂಡೆಮ್ ಅಂದ್ರೆ ಇಬ್ಬರು ಒಬ್ಬರ ಹಿಂದೆ ಒಬ್ಬರು ಕೂತು ತುಳಿಯೋ ಸೈಕಲ್. ಹ್ಯಾಂಡಲ್ ನನ್ನ ಕೈಯಲ್ಲಿ, ಹಿಂದೆ ಕಾಕಾ. ಅವರು ಧಾರವಾಡದವರು. ಅವರಿಗೆ ಕಣ್ಣು ಕಾಣಿಸೋದಿಲ್ಲ.

ಮಳೆಗಾಲ ಮುಗಿದ ಮೇಲೆ ಅವರು ಹೇಳೋಕೆ ಶುರು ಮಾಡಿದ್ರು: "ತಮ್ಮಾ, ಕಾಲಾಗ ಮರಳು ಅರದಂಗ ಆಗ್ತದ ನೋಡ." ನನಗೇನೂ ಅನ್ನಿಸಲಿಲ್ಲ. ಪೆಡಲ್‌ಗೆ ಎಣ್ಣೆ ಬಿಟ್ಟೆ. ಮುಂದಿನ ವಾರ ಪೆಡಲ್ಲೇ ಬದಲಾಯಿಸಿದೆ. ಅವರು ಮತ್ತೆ ಅದನ್ನೇ ಹೇಳಿದಾಗ "ಕಾಕಾ, ರಸ್ತೆನೇ ಹಾಗಿದೆ" ಅಂದುಬಿಟ್ಟೆ. ಅವರು ಸುಮ್ಮನಾದರು. ಆ ಸುಮ್ಮನಾಗೋದನ್ನ ನಾನು ಒಪ್ಪಿಗೆ ಅಂದ್ಕೊಂಡೆ. ಅದೇ ನನ್ನ ತಪ್ಪು.

ಒಂದು ಸಂಜೆ ಅವರೇ ಪಾರ್ಕಿಂಗ್‌ಗೆ ಇಳಿದು ಬಂದರು. "ಚೈನ್ ತಗಿ" ಅಂದರು. ಎರಡೂ ಚೈನ್ ಬಿಚ್ಚಿದೆ. ಹಿಂದಿನ ಕ್ರ್ಯಾಂಕನ್ನ ನಿಧಾನಕ್ಕೆ ತಿರುಗಿಸುತ್ತಾ ನನ್ನ ಕೈಯನ್ನ ಫ್ರೇಮ್ ಮೇಲೆ ಇಟ್ಟರು. ಬೆರಳಿಗೆ ಕರಕರ ಅಂತ ಬಡೀತು. ಕ್ರ್ಯಾಂಕನ್ನ ಅಡ್ಡ ಅಲ್ಲಾಡಿಸಿದೆ. ಒಂದೇ ಕ್ರ್ಯಾಂಕ್ ಅಲ್ಲಾಡಿದ್ರೆ ಬೋಲ್ಟ್ ಸಡಿಲ ಅಂತ ಅರ್ಥ. ಇಲ್ಲಿ ಎರಡೂ ಒಟ್ಟಿಗೆ ಅಲ್ಲಾಡಿದವು. ಅಂದ್ರೆ ಬಾಟಮ್ ಬ್ರಾಕೆಟ್ ಬೇರಿಂಗ್ ಹೋಗಿದೆ.

ಹಿಂದಿನದೇ ಯಾಕೆ? ಟ್ಯಾಂಡೆಮ್‌ನಲ್ಲಿ ಬಾಟಮ್ ಬ್ರಾಕೆಟ್ ಎರಡು. ನಾನು ತುಳಿದ ಬಲ ಎಡಗಡೆಯ ಟೈಮಿಂಗ್ ಚೈನ್ ಮೂಲಕ ಹಿಂದಿನ ಆಕ್ಸಲ್‌ಗೆ ಬರುತ್ತೆ. ಅಲ್ಲಿ ಕಾಕಾನ ಬಲವೂ ಸೇರಿ ಬಲಗಡೆಯ ಚೈನ್‌ನಿಂದ ಚಕ್ರಕ್ಕೆ ಹೋಗುತ್ತೆ. ಎಡಗಡೆ ಒಂದು ಚೈನ್ ಮುಂದಕ್ಕೆ ಎಳೀತಿದೆ, ಬಲಗಡೆ ಇನ್ನೊಂದು ಹಿಂದಕ್ಕೆ ಎಳೀತಿದೆ. ಇಬ್ಬರ ಭಾರ ಹೊರೋದು ಅದೊಂದೇ. ಜೊತೆಗೆ ಸೀಟ್ ಟ್ಯೂಬ್‌ನಲ್ಲಿ ಇಳಿದ ಮಳೆ ನೀರೂ ಅಲ್ಲೇ ನಿಲ್ಲುತ್ತೆ.

ಬದಲಾಯಿಸೋದು ಹೀಗೆ. ಮುಂದಿನ ಬಾಟಮ್ ಬ್ರಾಕೆಟ್ ಕೂತಿರೋ ಎಕ್ಸೆಂಟ್ರಿಕ್ ಸಡಿಲ ಮಾಡಿ ತಿರುಗಿಸಿದ್ರೆ ಟೈಮಿಂಗ್ ಚೈನ್ ಜೋಲು ಬಿದ್ದು ಕೈಗೆ ಬರುತ್ತೆ. ಪುಲ್ಲರ್ ಹಾಕಿ ಕ್ರ್ಯಾಂಕ್ ತೆಗೀಬೇಕು, ಸುತ್ತಿಗೆ ಬೇಡ. ನಮ್ಮದು 68 ಮಿಲಿಮೀಟರ್ ಶೆಲ್, ಇಂಗ್ಲಿಷ್ ಥ್ರೆಡ್. ಇದರಲ್ಲಿ ಬಲಗಡೆಯದು ಉಲ್ಟಾ ಥ್ರೆಡ್. ಬಲಗಡೆ ನಿಂತು ನೋಡಿದ್ರೆ, ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ತಿರುಗಿಸಿದ್ರೇನೇ ಬಿಚ್ಚೋದು. ಇದು ಗೊತ್ತಿಲ್ಲದೆ ಪಾನಾ ಹಾಕಿ ಜೋರು ಮಾಡಿದ್ರೆ ಇನ್ನಷ್ಟು ಬಿಗಿಯುತ್ತೆ, ಇಲ್ಲಾಂದ್ರೆ ಥ್ರೆಡ್ಡೇ ಕಿತ್ತುಹೋಗುತ್ತೆ. ಹೊಸದು ತರೋ ಮೊದಲು ಹಳೇ ಆಕ್ಸಲ್ ಉದ್ದ ಅಳೀರಿ. ಉದ್ದ ಬೇರೆಯಾದ್ರೆ ಚೈನ್ ಓರೆ ಓಡುತ್ತೆ. ಶೆಲ್ ಒರೆಸಿ, ಥ್ರೆಡ್‌ಗೆ ಗ್ರೀಸ್ ಹಚ್ಚಿ, ಮೊದಲ ಕೆಲವು ಸುತ್ತು ಕೈಯಲ್ಲೇ ಹಾಕಿ.

ಕೊನೆಗೆ ಎರಡೂ ಕಡೆ ಕ್ರ್ಯಾಂಕ್ ಒಂದೇ ದಿಕ್ಕಿಗೆ ಇಟ್ಟು ಟೈಮಿಂಗ್ ಚೈನ್ ಕೂರಿಸಿ, ಎಕ್ಸೆಂಟ್ರಿಕ್ ತಿರುಗಿಸಿ ಬಿಗಿ ಮಾಡಿ. ಚೈನ್ ನಡುವೆ ಸುಮಾರು ಒಂದು ಸೆಂಟಿಮೀಟರ್ ಆಡಬೇಕು. ರಿಂಗ್ ಪೂರ್ತಿ ದುಂಡಗಿರಲ್ಲ, ಅದಕ್ಕೇ ಒಂದು ಸುತ್ತು ತಿರುಗಿಸಿ ಎಲ್ಲಾ ಕಡೆ ನೋಡಿ.

ಎಲ್ಲಾ ಸರಿಯಾಯ್ತು ಅಂದ್ಕೊಂಡು ಸೊಸೈಟಿಗೆ ಒಂದು ಸುತ್ತು ಹಾಕಿದ್ವಿ. ಕಾಕಾ ಅಂದರು: "ಮರಳು ಹೋತು. ಆದ್ರ ನಿನ್ನ ಕಾಲು ನನಕಿಂತ ಸ್ವಲ್ಪ ಮುಂದ ಹೊಂಟದ."

ಈ ಸಲ ನಾನು ವಾದ ಮಾಡಲಿಲ್ಲ. ಇಳಿದು ನೋಡಿದೆ. ಚೈನ್ ಒಂದು ಹಲ್ಲು ತಪ್ಪಿ ಕೂತಿತ್ತು. 36 ಹಲ್ಲಿನ ರಿಂಗಿನಲ್ಲಿ ಒಂದು ಹಲ್ಲು ಅಂದ್ರೆ 10 ಡಿಗ್ರಿ. ನನ್ನ ಕಣ್ಣಿಗೆ ಕಾಣದ್ದು ಅವರ ಕಾಲಿಗೆ ಗೊತ್ತಾಗಿತ್ತು.

ಮನೆಯಲ್ಲೋ ಆಫೀಸಲ್ಲೋ ಹ್ಯಾಂಡಲ್ ನಿಮ್ಮ ಕೈಯಲ್ಲಿದ್ರೆ, ಹಿಂದೆ ಕೂತವರು ಎರಡನೇ ಸಲ ಅದೇ ಮಾತು ಹೇಳಿದಾಗ ರಸ್ತೆಯನ್ನ ಬೈಬೇಡಿ. ಸೈಕಲ್ ನಿಲ್ಲಿಸಿ, ಚೈನ್ ಬಿಚ್ಚಿ, ಕೈ ಇಟ್ಟು ನೋಡಿ.