ಪರದೇಶದ ತರುಣನ ಒಂದು ವಾರ



ಈ ಸಂಜೆಯ ಮಾತಿಗೆ ನಾನು ಆರಿಸಿಕೊಂಡ ವಿಷಯ ಬಾಸೆಲ್ ಮಿಷನ್ನಿನ ತರುಣ ಪಾದ್ರಿಗಳ ಬದುಕು. ಕನ್ನಡ ಸಂಘದ ವೇದಿಕೆಯಲ್ಲಿ ಕಿಟ್ಟೆಲ್ ಅವರ ಹೆಸರು ಹೊಸದೇನೂ ಅಲ್ಲ. ರಾಜ್ಯೋತ್ಸವದ ಭಾಷಣಗಳಲ್ಲಿ ನಿಘಂಟಿನ ಜೊತೆಗೆ ಅವರನ್ನೂ ಸ್ಮರಿಸಿ, ಕೈಮುಗಿದು, ಮುಂದಿನ ಹೆಸರಿಗೆ ಹೋಗುವುದು ನಮ್ಮ ರೂಢಿ. ನಮ್ಮ ಕಣ್ಣ ಮುಂದಿರುವುದು ವೃದ್ಧ ವಿದ್ವಾಂಸರ ಚಿತ್ರ. ಆದರೆ 1853ರಲ್ಲಿ ಭಾರತಕ್ಕೆ ಬಂದಿಳಿದಾಗ ಫರ್ಡಿನಂಡ್ ಕಿಟ್ಟೆಲ್ ಅವರಿಗೆ ಕೇವಲ ಇಪ್ಪತ್ತೊಂದು ವರ್ಷ. ಅವರಿಗಿಂತ ಮೊದಲು, 1836ರಲ್ಲಿ, ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ ಅವರಿಗೆ ಇಪ್ಪತ್ತೈದು. ನಮ್ಮ ಮಕ್ಕಳು ಓದು ಮುಗಿಸಿ ಮೊದಲ ಕೆಲಸಕ್ಕೆ ಪೆಟ್ಟಿಗೆ ಕಟ್ಟುವ ವಯಸ್ಸು ಅದು. ಆ ವಯಸ್ಸಿನ ಹುಡುಗನೊಬ್ಬ ಪರನಾಡಿನಲ್ಲಿ ಕಳೆದ ಒಂದು ವಾರ ಹೇಗಿದ್ದೀತು? ಏನನ್ನು ಮಾಡಲೆಂದು ಬಂದ, ಏನನ್ನು ಮಾಡಿದ? ಇದನ್ನು ವಿಚಾರಿಸದೆ ಸಲ್ಲಿಸುವ ಕೃತಜ್ಞತೆ ಬಲು ಅಗ್ಗದ ಕೃತಜ್ಞತೆ ಎಂದು ನನ್ನ ಭಾವನೆ. ಯಾರದೋ ದಿನಚರಿಯ ಪುಟವೊಂದನ್ನು ನಾನು ಓದಿ ಹೇಳುತ್ತಿಲ್ಲ. ಹಲವು ವರ್ಷಗಳ ಕೆಲಸದ ರೀತಿಯನ್ನು ಏಳು ದಿನಗಳ ಅಳತೆಗೆ ಇಳಿಸಿ ನೋಡುತ್ತಿದ್ದೇನೆ, ಅಷ್ಟೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಮಿಷನ್ ಸ್ಥಾಪನೆಯಾಯಿತು. ಇಂಗ್ಲೆಂಡಿನ ಪಾರ್ಲಿಮೆಂಟು 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನದನ್ನು ನವೀಕರಿಸಿದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿ ದಾರಿ ತೆರೆಯಿತು. ಮರುವರ್ಷವೇ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರನ್ನು ಸೇರಿದರು. ಮಿಷನ್ನಿನ ಬೇರು ದಕ್ಷಿಣ ಜರ್ಮನಿಯ ಭಕ್ತಿಪಂಥದಲ್ಲಿತ್ತು. ಹೀಗೆ ಬಂದವರಲ್ಲಿ ರೈತರ ಮಕ್ಕಳು, ಕುಶಲಕರ್ಮಿಗಳ ಮಕ್ಕಳು ಬಹಳ. ಮೋಗ್ಲಿಂಗ್ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಕಿಟ್ಟೆಲ್ ಉತ್ತರ ಜರ್ಮನಿಯ ಹಳ್ಳಿಯೊಂದರ ಪಾದ್ರಿಯ ಮಗ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಹೊರಟ ಮಗ ಮರಳಿ ಬಂದಾನೆಂಬ ಭರವಸೆ ತಾಯಿಗೆ ಇರಲಿಲ್ಲ. ಎಷ್ಟೋ ಮಂದಿ ಮರಳಲೂ ಇಲ್ಲ.

ಈಗ ವಾರಕ್ಕೆ ಬರೋಣ. ಭಾನುವಾರ ಆರಾಧನೆ. ಎದುರಿಗೆ ಕುಳಿತವರು ಬೆರಳೆಣಿಕೆಯ ಜನ. ಉಪದೇಶ ಕನ್ನಡದಲ್ಲಿ. ಹೊಸದಾಗಿ ಬಂದವನಿಗೆ ಆ ಕನ್ನಡ ಬಾಯಿಪಾಠ, ಅಷ್ಟೇ. ಸೋಮವಾರದಿಂದ ನಿಜವಾದ ಶಿಕ್ಷಣ. ಬೆಳಗ್ಗೆ ಮುನ್ಷಿಯ ಎದುರು ಪಾಠ. ಇಲ್ಲಿ ಒಂದು ತಿರುವು ಮುರುವನ್ನು ಗಮನಿಸಬೇಕು: ಊರಿಗೆ ಬೋಧನೆ ಮಾಡಲೆಂದು ಸಮುದ್ರ ದಾಟಿ ಬಂದವನು ಮೊದಲು ಊರಿನವನೊಬ್ಬನ ಶಿಷ್ಯನಾಗಿ ಚಾಪೆಯ ಮೇಲೆ ಕೂರಬೇಕು. ಒತ್ತಕ್ಷರ, ಲಕಾರ ಳಕಾರಗಳ ಭೇದ, ಅಲ್ಪಪ್ರಾಣ ಮಹಾಪ್ರಾಣ — ತಪ್ಪಿದಲ್ಲೆಲ್ಲ ತಿದ್ದಿಸಿಕೊಳ್ಳಬೇಕು. ಆ ಮುನ್ಷಿಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕಿಟ್ಟೆಲ್ ಅವರ ಪ್ರತಿಮೆ ಬೆಂಗಳೂರಿನಲ್ಲಿದೆ, ಅದು ಇರಬೇಕಾದದ್ದೇ. ಅವರಿಗೆ ಅಕ್ಷರ ತೀಡಿಸಿದವರಿಗೆ ಪ್ರತಿಮೆಯಿರಲಿ, ಸ್ಮರಣೆಯೂ ಇಲ್ಲ.

ಯಾವ ಭಾಷೆ ಕಲಿಯಬೇಕೆಂಬುದೂ ಸರಳವಾದ ಪ್ರಶ್ನೆಯಾಗಿರಲಿಲ್ಲ. ಮಂಗಳೂರಿನ ಬೀದಿಯ ಮಾತು ತುಳು. ಅಂಗಡಿಗಳಲ್ಲಿ, ಅನೇಕ ಮನೆಗಳಲ್ಲಿ ಕೊಂಕಣಿ. ಶಾಲೆ ಮತ್ತು ಬರವಣಿಗೆಗೆ ಕನ್ನಡ. ಮಿಷನರಿಗಳು ಕೆಲಸವನ್ನು ಹಂಚಿಕೊಂಡರು. ಕೆಲವರು ತುಳುವಿಗೆ ಹೋದರು. ಅದರ ಫಲವಾಗಿ 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು ಬಂದಿತು. ಧಾರವಾಡದ ಕಥೆ ಮತ್ತೊಂದು. ಅದು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಕಚೇರಿಯ ಕಾಗದಪತ್ರಗಳಲ್ಲಿ, ಶಾಲೆಗಳಲ್ಲಿ ಮರಾಠಿಯ ಮೇಲುಗೈ. ಅಂಥ ಊರಿನಲ್ಲಿ, ಅಧಿಕಾರದ ಭಾಷೆಯನ್ನು ಕಲಿತರೆ ಸಾಕೆನ್ನದೆ ಮನೆಯ ಭಾಷೆಯನ್ನು ಕಲಿಯುತ್ತೇನೆಂದು ತರುಣ ಕಿಟ್ಟೆಲ್ ಹಟ ಹಿಡಿದರು. ಪುಣೆಯಲ್ಲಿ ಕುಳಿತು ಇದನ್ನು ಹೇಳುವಾಗ ನನಗೆ ವಿಶೇಷವಾದ ಅರ್ಥ ಕಾಣುತ್ತದೆ.

ಸಂಜೆ ಪೇಟೆ. ಸಂತೆ, ಜಾತ್ರೆ, ಅರಳಿಕಟ್ಟೆ — ಜನ ಸೇರುವ ಕಡೆ ನಿಂತು ಬೋಧನೆ. ಕೆಲವರು ಕೇಳುತ್ತಾರೆ, ಕೆಲವರು ನಗುತ್ತಾರೆ, ಹಲವರು ಎದುರು ಪ್ರಶ್ನೆ ಹಾಕುತ್ತಾರೆ. ನಮ್ಮ ಜನ ಅಂದೂ ಇಂದೂ ವಾದಕ್ಕೆ ಹಿಂಜರಿದವರಲ್ಲ. ಒಬ್ಬ ದಾಸರ ಪದವನ್ನು ಹಾಡಿ ಉತ್ತರ ಕೊಡುತ್ತಾನೆ, ಇನ್ನೊಬ್ಬ ಜೈಮಿನಿಯ ಪದ್ಯ ಹೇಳುತ್ತಾನೆ, ಮತ್ತೊಬ್ಬ ಒಂದು ಗಾದೆಯಿಂದ ಇಡೀ ಉಪದೇಶವನ್ನು ಮುಗಿಸಿಬಿಡುತ್ತಾನೆ. ಬೋಧಕನಿಗೆ ಉತ್ತರ ಹೊಳೆಯದು, ಏಕೆಂದರೆ ಆ ಪದ, ಆ ಪದ್ಯ, ಆ ಗಾದೆ ಅವನು ಕಲಿತ ವ್ಯಾಕರಣದಲ್ಲಿ ಇಲ್ಲ. ಮರುದಿನ ಬೆಳಗ್ಗೆ ಮುನ್ಷಿಯನ್ನು ಕೇಳಿ ಬರೆದುಕೊಳ್ಳುತ್ತಾನೆ.

ಕನ್ನಡದ ಪಾಲಿಗೆ ಈ ಬರೆದುಕೊಳ್ಳುವ ಕೆಲಸವೇ ದೊಡ್ಡದಾಯಿತೆಂದು ನನ್ನ ತಿಳಿವಳಿಕೆ. ಜನರ ಮನಸ್ಸಿನೊಳಗೆ ಏನಿದೆಯೆಂದು ಅರಿಯದೆ ಅವರೊಡನೆ ಮಾತು ಸಾಗದೆಂಬುದನ್ನು ಮೋಗ್ಲಿಂಗ್ ಬೇಗ ಕಂಡುಕೊಂಡರು. ಬಲ್ಮಠದಲ್ಲಿ ಯುರೋಪಿಯನ್ನರ ಸೌಕರ್ಯಗಳನ್ನು ಬಿಟ್ಟು ತಮ್ಮ ಶಾಲೆಯ ಹುಡುಗರೊಡನೆಯೇ ಇದ್ದು, ಅವರಂತೆಯೇ ಉಂಡರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕಲ್ಲಚ್ಚಿನಲ್ಲಿ ಮುದ್ರಿಸಿದ ನಾಲ್ಕು ಪುಟಗಳ ಪಾಕ್ಷಿಕ ಅದು. ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರು ಪಡೆಯಿತು. ಕರ್ನಾಟಕದಲ್ಲಿ ಜುಲೈ ಒಂದನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ಆಮೇಲೆ ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯನ್ನು ಆರಂಭಿಸಿದರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳು — ತಾಳೆಗರಿಯಲ್ಲಿ, ಕಡತದಲ್ಲಿ, ಹಾಡುವವರ ನಾಲಗೆಯಲ್ಲಿ ಇದ್ದವು ಅಚ್ಚಿಗೆ ಬಂದವು. ವೈಷ್ಣವ ದಾಸರ ಪದಗಳನ್ನೂ ಶರಣರ ಪುರಾಣವನ್ನೂ ಮೊದಮೊದಲು ಅಚ್ಚು ಹಾಕಿಸಿದವನು ಕ್ರೈಸ್ತ ಬೋಧಕ! ಸೋಲಿಸಬೇಕೆಂದಿದ್ದ ಎದುರಾಳಿಯ ಆಯುಧಶಾಲೆಯನ್ನು ತಾನೇ ಒಪ್ಪ ಮಾಡಿಕೊಟ್ಟಂತಾಯಿತು. ಹಾಗೆ ಮಾಡುವಾಗ ಅದರ ಸೊಗಸಿಗೆ ಆತ ಮನಸೋಲಲಿಲ್ಲವೆಂದು ನಾನು ನಂಬಲಾರೆ.

ಕಿಟ್ಟೆಲ್ ಇನ್ನೂ ಮುಂದೆ ಹೋದರು. 1862ರಲ್ಲಿ ಅವರು ಬರೆದ ‘ಕಥಾಮಾಲೆ’ ಯೇಸುವಿನ ಜೀವನವನ್ನು ನಮ್ಮ ಛಂದಸ್ಸಿನಲ್ಲಿ ಹೇಳುತ್ತದೆ. ಯಜ್ಞದ ಕಲ್ಪನೆಯನ್ನು ಚರ್ಚಿಸಲೆಂದು ವೈದಿಕ ವಾಙ್ಮಯಕ್ಕೆ ಕೈಹಾಕಿ ‘ಯಜ್ಞ ಸುಧಾನಿಧಿ’ ರಚಿಸಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂದಿತು: ಸುಮಾರು 70,000 ಪದಗಳು. ಬಂದಿಳಿದ ದಿನದಿಂದ ಲೆಕ್ಕ ಹಾಕಿದರೆ 41 ವರ್ಷ. ಅದರ ಯಾವ ಪುಟವನ್ನಾದರೂ ತೆರೆಯಿರಿ. ಪದದ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳುವಿನ ಸಂವಾದಿ ರೂಪಗಳು, ತದ್ಭವವಾದರೆ ಅದರ ಮೂಲ, ಕಾವ್ಯಪ್ರಯೋಗ, ಅದರ ಬೆನ್ನಿಗೇ ಪೇಟೆಯ ಗಾದೆ. ವಾದದಲ್ಲಿ ತನ್ನ ಬಾಯಿ ಕಟ್ಟಿಸಿದ ಗಾದೆಗಳನ್ನು ಬೋಧಕ ಹೀಗೆ ಬಚ್ಚಿಟ್ಟು ಕಾಪಾಡಿದ. ಈ ನಡುವೆ ಅವರ ಮನೆಯಲ್ಲಿ ನಡೆದುದನ್ನು ನಾವು ನೆನೆಯುವುದಿಲ್ಲ. 1860ರಲ್ಲಿ ಕೈಹಿಡಿದ ಪೌಲೀನಾ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು.

ಇನ್ನು ಕಷ್ಟದ ಮಾತು. ಮಿತ್ರರೊಬ್ಬರು ನನ್ನನ್ನು ಕೇಳುವುದುಂಟು: “ಅವರು ಬಂದದ್ದು ಮತಾಂತರಕ್ಕಲ್ಲವೆ? ನಿಘಂಟು ಅದಕ್ಕೆ ಸಾಧನ, ಇಷ್ಟು ಹೊಗಳಿಕೆ ಏಕೆ?” ಇನ್ನು ಕೆಲವರು ಧರ್ಮವನ್ನು ಮರೆಯೋಣ, ಸೇವೆಯನ್ನು ಮಾತ್ರ ನೆನೆಯೋಣ ಎನ್ನುತ್ತಾರೆ. ಈ ಎರಡನೆಯ ಮಾತು ಸಭ್ಯವಾಗಿ ಕೇಳಿಸಿದರೂ ನನಗೆ ಒಪ್ಪಿಗೆಯಿಲ್ಲ. ಆ ತರುಣರು ನಂಬಿಕೆಯನ್ನು ಮುಚ್ಚಿಟ್ಟವರಲ್ಲ. ನಂಬಿಕೆಯಿಲ್ಲದಿದ್ದರೆ ಅವರು ಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಅದನ್ನು ಅಳಿಸಿದ ಕಿಟ್ಟೆಲ್ ನಮ್ಮ ಅನುಕೂಲಕ್ಕೆ ಮಾಡಿಕೊಂಡ ಬೊಂಬೆ.

ಹಾಗೆಂದು ಅದರ ಬೆಲೆಯನ್ನು ತೆತ್ತವರನ್ನೂ ಮರೆಯಲಾಗದು. 1844ರಲ್ಲಿ ಮಂಗಳೂರಿನ ಮೂವರು ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದಾಗ ಊರೇ ಕೆರಳಿತು. ಅವರಲ್ಲೊಬ್ಬರು ಆನಂದರಾವ್ ಕೌಂಡಿನ್ಯ. ಮಗ ಬದುಕಿರುವಾಗಲೇ ಕಳೆದುಕೊಂಡ ಆ ಮನೆಗಳ ದುಃಖ ಸುಳ್ಳಲ್ಲ. ಧರ್ಮಸ್ವಾತಂತ್ರ್ಯವೆಂಬ ಒಂದು ಪದದಿಂದ ಅದನ್ನು ಒರೆಸಿಹಾಕಬಾರದು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಕೌಂಡಿನ್ಯರು ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ, ಅಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಹಿಂದಿರುಗಿದರು. ಮಂಗಳೂರಿನ ತರುಣನೊಬ್ಬ ಯುರೋಪಿನ ಚಳಿಯಲ್ಲಿ ಜರ್ಮನ್ ಭಾಷೆ ಕಲಿತು ಕಳೆದ ವಾರಗಳ ಬಗ್ಗೆ ಯಾರಾದರೂ ಕನ್ನಡದಲ್ಲಿ ಕಾದಂಬರಿ ಬರೆಯಬೇಕು. ಮುಂದೆ ಕೊಡಗಿನಲ್ಲಿ, ಜೀತದಲ್ಲಿ ಸಿಕ್ಕಿದ್ದ ಹೊಲೆಯರಿಗಾಗಿ ಮೋಗ್ಲಿಂಗ್ ನೆಲೆ ಮಾಡಿಕೊಟ್ಟಾಗ ಆ ಹಳ್ಳಿಗೆ ಆನಂದಪುರವೆಂದು ಹೆಸರಾಯಿತು, ಆನಂದರಾಯರ ಹೆಸರೇ. ಅಗ್ರಹಾರದ ಮನೆಗೆ ನಷ್ಟವಾಗಿ ಕಂಡದ್ದು ಹೊಲೆಯರ ಕೇರಿಗೆ ಕಾಲೂರಲು ನೆಲವಾಗಿ ಕಂಡಿತು. ತೀರ್ಪು ಕೊಡುವ ಮೊದಲು ನಾವು ಯಾವ ಮನೆಯ ಜಗಲಿಯಲ್ಲಿ ಕುಳಿತು ನೋಡುತ್ತಿದ್ದೇವೆಂದು ಕೇಳಿಕೊಳ್ಳಬೇಕು.

ಬೋಧಕರಾಗಿ ಅವರು ಗೆದ್ದರೋ ಸೋತರೋ ಎಂಬ ಲೆಕ್ಕ ಬಾಸೆಲ್‌ನ ಸಮಿತಿಗೆ ಸೇರಿದ್ದು. ಅಲ್ಲಿಗೆ ಇವರು ವರದಿ ಬರೆಯಬೇಕು. ಮದುವೆಗೂ ಅಲ್ಲಿಂದಲೇ ಅನುಮತಿ ಬರಬೇಕು. ಕೇಂದ್ರ ಕಚೇರಿಗೆ ವರದಿ ಕಳುಹಿಸಿ ಉತ್ತರಕ್ಕೆ ಕಾಯುವ ಬದುಕು ಸರ್ಕಾರಿ ಸೇವೆಯಲ್ಲಿರುವ ನನ್ನಂಥವರಿಗೆ ಅಪರಿಚಿತವಲ್ಲ. ಊರಿನ ಸ್ಥಿತಿ ಒಂದು, ನಕ್ಷೆಯ ಮುಂದೆ ಕುಳಿತವರ ನಿರೀಕ್ಷೆ ಇನ್ನೊಂದು. ಆತ್ಮಗಳ ಸಂಖ್ಯೆ ಕೇಳುವವರಿಗೆ ಷಟ್ಪದಿಯ ಮಾತ್ರಾಗಣವನ್ನು ಎಣಿಸುತ್ತಿರುವ ಪಾದ್ರಿ ಹೇಗೆ ಕಂಡಿರಬೇಕು! ಕಿಟ್ಟೆಲ್ ಅವರ ವಿದ್ವತ್ತಿನ ಒಲವು ಸಹೋದ್ಯೋಗಿಗಳೆಲ್ಲರಿಗೂ ಹಿಡಿಸಿರಲಿಲ್ಲ. ಆದರೂ 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಗೌರವ ನೀಡಿತು. 1903ರಲ್ಲಿ ಕನ್ನಡ ವ್ಯಾಕರಣವನ್ನು ಹೊರತಂದು, ಅದೇ ವರ್ಷದ ಡಿಸೆಂಬರ್ 18ರಂದು ಅವರು ಕಣ್ಣು ಮುಚ್ಚಿದರು.

ಅವರ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದವರು ಎಂ. ಮರಿಯಪ್ಪ ಭಟ್ಟರು, ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾಲಯ. ಕನ್ನಡದ ದೊಡ್ಡ ಕೆಲಸವೊಂದು ಕನ್ನಡನಾಡಿನ ಹೊರಗೆ, ತಮಿಳರ ನಗರದಲ್ಲಿ ನಡೆಯಿತೆಂಬುದನ್ನು ಹೊರನಾಡಿನವರಾದ ನಾವು ಮರೆಯಬಾರದು.

ನಾವು ಹೊಟ್ಟೆಪಾಡಿಗೆ ಬಂದವರು, ಅವರು ದೇವರ ಕೆಲಸಕ್ಕೆ ಬಂದವರು. ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೂ ಪರನಾಡಿನಲ್ಲಿ ವಾರ ಕಳೆಯುವ ರೀತಿಯ ಬಗ್ಗೆ ಒಂದು ಪ್ರಶ್ನೆ ಉಳಿಯುತ್ತದೆ. ಮೂವತ್ತು ವರ್ಷ ಈ ಊರಿನ ನೀರು ಕುಡಿದು, ತರಕಾರಿಯವಳೊಡನೆ ಚೌಕಾಸಿಗೆ ಬೇಕಾದಷ್ಟೇ ಮರಾಠಿಯಲ್ಲಿ ನಿಂತ ಕುಟುಂಬಗಳು ನಮ್ಮಲ್ಲಿ ಹಲವು. ಜ್ಞಾನೇಶ್ವರಿಯನ್ನಾಗಲಿ ತುಕಾರಾಮನ ಅಭಂಗವನ್ನಾಗಲಿ ಮೂಲದಲ್ಲಿ ಓದಬಲ್ಲವರು ಎಷ್ಟು ಮಂದಿ? ಪಂಢರಪುರದ ವಿಠಲ ನಮ್ಮ ದಾಸರ ದೇವರೂ ಹೌದು. ಆ ನಂಟನ್ನು ಈ ಕಡೆಯಿಂದ ಅರಿಯಲು ಮರಾಠಿ ಬೇಕೇ ಬೇಕು. ಇತ್ತ ನಮ್ಮ ಮಕ್ಕಳಿಗೆ ಕನ್ನಡ ಲಿಪಿಯೂ ತಪ್ಪುತ್ತಿದೆ. ಎರಡು ಕಡೆಯೂ ಬಡವರಾಗುವುದು ಯಾವ ಅಭಿಮಾನ? ಭಾಷೆಯ ಹೆಸರಿನಲ್ಲಿ ಜಗಳವೆದ್ದಾಗ ಸಂಘದಲ್ಲಿ ಖಂಡನಾ ನಿರ್ಣಯ ಬರೆಯುವುದು ನಮಗೆ ಚೆನ್ನಾಗಿ ಗೊತ್ತಿದೆ. ನೆರೆಮನೆಯವನ ಗಾದೆಯನ್ನು ಬರೆದುಕೊಳ್ಳುವ ಅಭ್ಯಾಸ ಇನ್ನೂ ಬಂದಿಲ್ಲ.

ಅಧ್ಯಕ್ಷರಲ್ಲಿ ಒಂದು ವಿನಂತಿ ಇದೆ. ನಮ್ಮ ವಾಚನಾಲಯದ ಹಿಂದಿನ ಕೊಠಡಿ ಭಾನುವಾರ ಬೆಳಗ್ಗೆ ಖಾಲಿ ಇರುತ್ತದೆ. ಹತ್ತರಿಂದ ಹನ್ನೊಂದು ಗಂಟೆ ಮಕ್ಕಳಿಗೆ ಕನ್ನಡ ಅಕ್ಷರಾಭ್ಯಾಸ, ಹನ್ನೊಂದರಿಂದ ಹನ್ನೆರಡು ಹಿರಿಯರಿಗೆ ಮರಾಠಿ ಓದು. ಬೋಧಿಸಲು ಈ ಊರಿನ ನಿವೃತ್ತ ಶಿಕ್ಷಕರೊಬ್ಬರನ್ನು ಕರೆಯೋಣ, ಗೌರವಧನವನ್ನು ಸಂಘವೇ ಕೊಡಲಿ, ಅವರ ಹೆಸರನ್ನು ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಅಚ್ಚು ಹಾಕಿಸೋಣ. ಸಮಿತಿ ಒಪ್ಪಿದರೆ ಮುಂದಿನ ತಿಂಗಳ ಮೊದಲ ಭಾನುವಾರದಿಂದಲೇ ಆರಂಭಿಸಬಹುದು. ಹನ್ನೊಂದು ಗಂಟೆಯ ತರಗತಿಗೆ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಿರಿ.