ವಿಡಿಯೋದ ಹಿಂದೆ ಕುಳಿತವರು

(ಅರೇಹಳ್ಳಿಯಲ್ಲಿ ನಡೆದ ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ಬೆಳಿಗ್ಗೆ ನಾನು ಒಳಗೆ ಬರುವಾಗ ಬಾಗಿಲ ಬಳಿ ಮೂವರು ಹುಡುಗರು ಒಂದೇ ಮೊಬೈಲಿನ ಮೇಲೆ ಬಗ್ಗಿ ವಿಡಿಯೋ ನೋಡುತ್ತಿದ್ದರು. "ಇದನ್ನು ನಿಮಗೆ ತೋರಿಸುತ್ತಿರುವವರು ಯಾರು?" ಎಂದು ಕೇಳಿದೆ. ಒಬ್ಬ "ಗೂಗಲ್" ಎಂದ. ಇನ್ನೊಬ್ಬ "ಕಂಪ್ಯೂಟರ್ ಸಾರ್" ಎಂದ. ಮೂರನೆಯವನು ಏನೂ ಹೇಳದೆ ಯೋಚಿಸುತ್ತಾ ನಿಂತ. ನನ್ನ ಇಂದಿನ ಮಾತು ಮುಖ್ಯವಾಗಿ ಆ ಮೂರನೆಯವನಿಗೆ.

ನಾನು ದೊಡ್ಡ ಇಂಜಿನಿಯರ್ ಅಲ್ಲ. ಇದೇ ಭಾಗದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದವನು. ಬೆಂಗಳೂರಿನಲ್ಲಿ ಎರಡು ವರ್ಷ, ವಿಡಿಯೋ ಹಂಚುವ ಒಂದು ಸೇವೆಗಾಗಿ ಕನ್ನಡ ವಿಡಿಯೋಗಳನ್ನು ಪರಿಶೀಲಿಸುವ ಕೆಲಸ ಮಾಡಿದೆ. ಆ ಕೆಲಸದ ಬಗ್ಗೆ, ಅದರಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳಲು ಬಂದಿದ್ದೇನೆ. ಅದಕ್ಕೂ ಮೊದಲು ಇಂತಹ ಸೇವೆಗಳು ಹೇಗೆ ಬೆಳೆದವು ಎಂಬುದನ್ನು ಸ್ವಲ್ಪ ನೋಡೋಣ.

ಪಿಜ್ಜಾ ಅಂಗಡಿಯ ಮೇಲಿನ ಕಚೇರಿ

ಯೂಟ್ಯೂಬನ್ನು 2005ರಲ್ಲಿ ಆರಂಭಿಸಿದವರು ಮೂವರು ಯುವಕರು: ಚಾಡ್ ಹರ್ಲಿ, ಸ್ಟೀವ್ ಚೆನ್ ಮತ್ತು ಜಾವೇದ್ ಕರೀಮ್. ಮೂವರೂ ಮೊದಲು ಪೇಪಾಲ್ ಎಂಬ ಕಂಪನಿಯಲ್ಲಿ ಸಹೋದ್ಯೋಗಿಗಳು. ಅವರ ಮೊದಲ ಯೋಜನೆಗೆ ಜನರೇ ಬರಲಿಲ್ಲ. ಅದನ್ನು ಬಿಟ್ಟು, ಯಾರು ಬೇಕಾದರೂ ಯಾವ ವಿಡಿಯೋ ಬೇಕಾದರೂ ಹಾಕಲಿ ಎಂದು ಬಾಗಿಲು ತೆರೆದರು. 2005ರ ಏಪ್ರಿಲ್ 23ರಂದು ಜಾವೇದ್ ಕರೀಮ್ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತನಾಡಿದ, ಇಪ್ಪತ್ತು ಸೆಕೆಂಡೂ ಇಲ್ಲದ ತುಣುಕೇ ಅಲ್ಲಿನ ಮೊದಲ ವಿಡಿಯೋ. ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋ ಊರಿನಲ್ಲಿ ಒಂದು ಪಿಜ್ಜಾ ಅಂಗಡಿಯ ಮೇಲಿನ ಮಹಡಿಯೇ ಅವರ ಕಚೇರಿಯಾಗಿತ್ತು.

2006ರ ಜುಲೈ ವೇಳೆಗೆ ದಿನಕ್ಕೆ 10 ಕೋಟಿ ಬಾರಿ ವಿಡಿಯೋ ನೋಡಲಾಗುತ್ತಿತ್ತು. ದಿನಕ್ಕೆ ಸುಮಾರು 65,000 ಹೊಸ ವಿಡಿಯೋಗಳು ಬರುತ್ತಿದ್ದವು. ಅದೇ ಅಕ್ಟೋಬರಿನಲ್ಲಿ ಗೂಗಲ್ 165 ಕೋಟಿ ಡಾಲರ್‌ಗೆ ಅದನ್ನು ಕೊಳ್ಳುವುದಾಗಿ ಪ್ರಕಟಿಸಿದಾಗ ಅಲ್ಲಿ ಕೆಲಸಕ್ಕಿದ್ದವರು ಸುಮಾರು 65 ಜನ ಮಾತ್ರ.

ಜಾವೇದ್ ಕರೀಮ್ ಬಗ್ಗೆ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ವಿಷಯವಿದೆ. ಅವರ ತಂದೆ ಬಾಂಗ್ಲಾದೇಶದವರು, ತಾಯಿ ಜರ್ಮನಿಯವರು, ಇಬ್ಬರೂ ವಿಜ್ಞಾನಿಗಳು. ಕಂಪನಿ ಭರದಿಂದ ಬೆಳೆಯುವ ಹೊತ್ತಿಗೆ ಈತ ಅಲ್ಲಿ ನೌಕರಿಗೆ ನಿಲ್ಲದೆ, ಸಲಹೆಗಾರನಾಗಿ ಮಾತ್ರ ಉಳಿದು, ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯಕ್ಕೆ ಸ್ನಾತಕೋತ್ತರ ಓದಲು ಹೋದರು. ಹಾಗಾಗಿ ಮಾರಾಟದಲ್ಲಿ ಅವರಿಗೆ ಬಂದ ಪಾಲು ಉಳಿದಿಬ್ಬರಿಗಿಂತ ಬಹಳ ಕಡಿಮೆ. ಓದಿಗೂ ಒಂದು ಬೆಲೆಯಿದೆ ಎಂದು ತಿಳಿದೇ ಅದನ್ನು ತೆತ್ತವರು ಅವರು.

ಚಿಕ್ಕ ಚಿತ್ರ ತಂದ ದೊಡ್ಡ ತೊಂದರೆ

ಅಷ್ಟು ಕಡಿಮೆ ಜನ ದಿನವಿಡೀ ಏನು ಮಾಡುತ್ತಿದ್ದರು? ಅಲ್ಲಿನ ಇಂಜಿನಿಯರ್ ಕುವಾಂಗ್ ದೋ 2007ರಲ್ಲಿ ಸಿಯಾಟಲ್ ನಗರದ ಒಂದು ಸಮ್ಮೇಳನದಲ್ಲಿ ಇದನ್ನು ವಿವರಿಸಿದ್ದಾರೆ. ಅವರ ಮಾತಿನ ತಾತ್ಪರ್ಯ ಸರಳ: ಎಲ್ಲಿ ಕಟ್ಟಿಕೊಂಡಿದೆಯೋ ಹುಡುಕುವುದು, ಸರಿಪಡಿಸುವುದು, ಒಂದಿಷ್ಟು ನಿದ್ದೆ ಮಾಡುವುದು, ಎದ್ದಾಗ ಇನ್ನೊಂದು ಕಡೆ ಕಟ್ಟಿಕೊಂಡಿರುವುದನ್ನು ಕಾಣುವುದು. ಮಳೆಗಾಲದಲ್ಲಿ ತೋಟದ ಚರಂಡಿ ನೋಡಿಕೊಳ್ಳುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಅವರಿಗೆ ಹೆಚ್ಚು ಕಾಟ ಕೊಟ್ಟ ಒಂದು ಸಂಗತಿ ವಿಡಿಯೋ ಅಲ್ಲ, ಒತ್ತುವ ಮೊದಲು ಕಾಣುವ ಚಿಕ್ಕ ಚಿತ್ರ. ಒಂದು ವಿಡಿಯೋಗೆ ಇಂತಹ ನಾಲ್ಕು ಚಿತ್ರಗಳು. ನೀವು ನೋಡುವುದು ಒಂದೇ ವಿಡಿಯೋ. ಆದರೆ ಪುಟ ತೆರೆದಾಗ ಹತ್ತಾರು ಚಿತ್ರಗಳು ಒಮ್ಮೆಗೇ ಬರಬೇಕು. ದೊಡ್ಡ ಕಡತ ಸಲೀಸಾಗಿ ಹೋಗುತ್ತಿತ್ತು, ಕೋಟಿಗಟ್ಟಲೆ ಚಿಕ್ಕ ಕಡತಗಳನ್ನು ಹುಡುಕಿ ಕೊಡುವುದರಲ್ಲಿ ಯಂತ್ರಗಳು ಸೋಲುತ್ತಿದ್ದವು. ಕೊನೆಗೆ ಗೂಗಲ್‌ನ ಬಿಗ್‌ಟೇಬಲ್ ಎಂಬ ಸಂಗ್ರಹ ವ್ಯವಸ್ಥೆಯಲ್ಲಿ ಅವುಗಳನ್ನು ಒಟ್ಟುಗೂಡಿಸಿ ಇಟ್ಟ ಮೇಲೆ ಹಾದಿ ಸುಗಮವಾಯಿತು. ಇಂತಹ ಸಮಸ್ಯೆಯನ್ನು ಗುರುತಿಸುವವನಿಗೆ ಬೇಕಾದದ್ದು ತಾಳ್ಮೆ, ಲೆಕ್ಕ, ಮತ್ತು ಎಲ್ಲರೂ ನೋಡದ ಕಡೆ ನೋಡುವ ಕಣ್ಣು.

ಬೆಂಗಳೂರಿನ ಮೊಹಲ್ಲಾ

ಈಗ ನಮ್ಮ ರಾಜ್ಯಕ್ಕೆ ಬರೋಣ. 2015ರಲ್ಲಿ ಕಾನ್ಪುರ ಐಐಟಿಯಲ್ಲಿ ಓದಿದ ಅಂಕುಶ್ ಸಚ್‌ದೇವ, ಭಾನು ಪ್ರತಾಪ್ ಸಿಂಗ್ ಮತ್ತು ಫರೀದ್ ಅಹ್ಸನ್ ಸೇರಿ ಶೇರ್‌ಚಾಟ್ ಆರಂಭಿಸಿದರು. ಬೆಂಗಳೂರಿನ ಆ ಕಂಪನಿಯ ಹೆಸರು ಮೊಹಲ್ಲಾ ಟೆಕ್. ಇಂಗ್ಲಿಷನ್ನು ಬದಿಗಿಟ್ಟು ಕನ್ನಡವೂ ಸೇರಿ ಭಾರತೀಯ ಭಾಷೆಗಳನ್ನೇ ನೆಚ್ಚಿಕೊಂಡದ್ದು ಅದರ ವಿಶೇಷ. 2020ರ ಜೂನ್ 29ರಂದು ಭಾರತ ಸರಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಕೆಲವೇ ದಿನಗಳಲ್ಲಿ ಅದೇ ಕಂಪನಿ ಮೋಜ್ ಎಂಬ ಕಿರು ವಿಡಿಯೋ ಆ್ಯಪನ್ನು ತಂದಿತು.

ಬೆಳೆದದ್ದು ಎಷ್ಟು ಬೇಗವೋ ಕಷ್ಟವೂ ಅಷ್ಟೇ ಬೇಗ ಬಂತು. 2023ರ ಜನವರಿಯಲ್ಲಿ ಆ ಕಂಪನಿ ತನ್ನ ನೌಕರರಲ್ಲಿ ಸುಮಾರು ಐದರಲ್ಲೊಂದು ಭಾಗವನ್ನು ಕೆಲಸದಿಂದ ತೆಗೆಯಿತು. ನನ್ನ ಪರಿಚಯದ ಹುಡುಗರು "ಇಂತಹ ಆ್ಯಪ್‌ನಲ್ಲೇ ಕೆಲಸ ಸಿಗಬೇಕು" ಎನ್ನುತ್ತಾರೆ. ಆ್ಯಪ್ ಇಂದು ಇರುತ್ತದೆ, ನಾಳೆ ಇಲ್ಲದಿರಬಹುದು. ನಿಮ್ಮ ಕೈಯಲ್ಲಿ ಉಳಿಯುವುದು ಕಲಿತ ವಿದ್ಯೆ.

ಬೀಜ ಆರಿಸುವ ಕೆಲಸ

ಇನ್ನು ನಾನು ಮಾಡಿದ ಕೆಲಸ. ಅರೇಹಳ್ಳಿಯವರಿಗೆ ಅದನ್ನು ಕಾಫಿಯಿಂದಲೇ ಹೇಳಬಹುದು. ಹಣ್ಣನ್ನು ಪಲ್ಪರಿಗೆ ಹಾಕುವ ಮೊದಲು ನೀರಿಗೆ ಸುರಿಯುತ್ತೀರಿ, ಜೊಳ್ಳು ತೇಲುತ್ತದೆ. ಕ್ಯೂರಿಂಗ್‌ನಲ್ಲಿ ಜರಡಿ ಗಾತ್ರ ನೋಡಿ ಬೇರ್ಪಡಿಸುತ್ತದೆ. ಇಷ್ಟೆಲ್ಲ ಆದ ಮೇಲೂ ಕಪ್ಪು ಬೀಜ, ಒಡೆದ ಬೀಜ ಆರಿಸಲು ಹೆಂಗಸರು ಸಾಲಾಗಿ ಕುಳಿತು ಕೈಯಾಡಿಸುತ್ತಿದ್ದುದನ್ನು ನೀವು ನೋಡಿದ್ದೀರಿ. ವಿಡಿಯೋದಲ್ಲೂ ಹಾಗೆಯೇ. ಹಿಂದೆ ತೆಗೆದುಹಾಕಿದ ವಿಡಿಯೋ ಮತ್ತೆ ಬಂದರೆ ಯಂತ್ರ ಗುರುತಿಸುತ್ತದೆ. ಬೈಗುಳದ ಪದ ಕಂಡರೆ ಎತ್ತಿಡುತ್ತದೆ. ಅನುಮಾನದ್ದು, ಜನ ದೂರು ಕೊಟ್ಟದ್ದು ಮನುಷ್ಯರ ಮುಂದೆ ಬರುತ್ತದೆ.

ತಲೆಗೆ ಹೆಡ್‌ಫೋನ್, ಮುಂದೆ ಪರದೆ. ಒಂದು ಮುಗಿದರೆ ಇನ್ನೊಂದು. ಬಿಡಬೇಕೇ, ತೆಗೆಯಬೇಕೇ, ಮೇಲಿನವರಿಗೆ ಕಳಿಸಬೇಕೇ? ತೀರ್ಮಾನಕ್ಕೆ ಸಿಗುವುದು ಕೆಲವೇ ಸೆಕೆಂಡು. ಇಲ್ಲಿ ಯಂತ್ರಕ್ಕಿಂತ ಮನುಷ್ಯ ಮುಂದಿರುವುದು ಭಾಷೆಯಲ್ಲಿ. ಹುಬ್ಬಳ್ಳಿಯ ಗೆಳೆಯರಿಬ್ಬರು "ಲೇ ಮಗನ" ಎಂದು ಕರೆದುಕೊಂಡರೆ ಅದು ಸಲಿಗೆ. ಅದೇ ಮಾತು ಬೇರೆ ಕಡೆ, ಬೇರೆ ಧ್ವನಿಯಲ್ಲಿ ಹೊಡೆದಾಟಕ್ಕೆ ದಾರಿ. ಶಾಲೆಯಲ್ಲಿ ಕಲಿತ ಕನ್ನಡ, ಮನೆಯ ಬ್ಯಾರಿ ಮಾತು, ಬಸ್ಸಿನಲ್ಲಿ ಕಿವಿಗೆ ಬಿದ್ದ ದಖನಿ ಉರ್ದು, ಇವೆಲ್ಲ ನನಗೆ ಅಲ್ಲಿ ಅನ್ನ ಕೊಟ್ಟವು. ಕನ್ನಡ ಮಾಧ್ಯಮದಲ್ಲಿ ಓದಿದೆವೆಂದು ಕುಗ್ಗುವ ಮಕ್ಕಳು ಇದನ್ನು ನೆನಪಿಡಬೇಕು.

ಈ ಕೆಲಸದ ನೋವನ್ನೂ ಮುಚ್ಚಿಡಲಾರೆ. ನೋಡಬಾರದ್ದನ್ನು ದಿನವೂ ನೋಡಬೇಕಾಗುತ್ತದೆ. ಅಮೆರಿಕದಲ್ಲಿ ಇಂತಹ ಪರಿಶೀಲಕರು ಮನಸ್ಸಿಗಾದ ಹಾನಿಗಾಗಿ ದಾವೆ ಹೂಡಿ, 2020ರಲ್ಲಿ ಫೇಸ್‌ಬುಕ್ 5.2 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ನನಗೂ ಕೆಲವು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಾನು ಬಿಟ್ಟ ಒಂದು ವಿಡಿಯೋ

ಒಂದು ರಾತ್ರಿ ಪಾಳಿ ಮುಗಿಯುವ ಹೊತ್ತು. ಒಂದು ಅಂಗಡಿ ಉರಿಯುತ್ತಿದೆ, ಜನ ಓಡುತ್ತಿದ್ದಾರೆ. ನಮ್ಮ ರಾಜ್ಯದ ಒಂದು ಊರಿನ ಹೆಸರು ಹೇಳಿ, ನಿನ್ನೆ ರಾತ್ರಿ ನಡೆದದ್ದೆಂದು ಕೆಳಗೆ ಕನ್ನಡದಲ್ಲಿ ಬರೆದಿತ್ತು. ಆ ದಿನದ ಲೆಕ್ಕ ಮುಗಿಸುವ ಅವಸರದಲ್ಲಿ ನಾನಿದ್ದೆ. ಸದ್ದು ಕೇಳದೆ, ಬೆಂಕಿ ಅಪಘಾತವಿರಬೇಕೆಂದು ಬಿಟ್ಟುಬಿಟ್ಟೆ.

ಬೆಳಿಗ್ಗೆ ಉಮ್ಮ ಫೋನ್ ಮಾಡಿದರು. "ಎಲ್ಲಿದ್ದೀಯಾ ಮಗಾ? ಹೊರಗೆ ಹೋಗಬೇಡ" ಎಂದರು, ಅವರ ಧ್ವನಿ ನಡುಗುತ್ತಿತ್ತು. ನಮ್ಮ ಕುಟುಂಬದ ಗುಂಪಿಗೆ ಅದೇ ವಿಡಿಯೋ ಬಂದಿತ್ತು. ನಾನು ಮತ್ತೆ, ಈ ಬಾರಿ ಸದ್ದಿನೊಂದಿಗೆ ನೋಡಿದೆ. ಕೂಗುತ್ತಿದ್ದವರ ಮಾತು ಕನ್ನಡವೂ ಅಲ್ಲ, ನಮ್ಮ ಕಡೆಯ ಉರ್ದುವೂ ಅಲ್ಲ. ಪಕ್ಕದ ಅಂಗಡಿಯ ಬೋರ್ಡಿನಲ್ಲಿದ್ದ ಲಿಪಿ ಬೇರೆಯದು. ಎಲ್ಲೋ, ಎಂದೋ ನಡೆದದ್ದಕ್ಕೆ ನಮ್ಮ ಊರಿನ ಹೆಸರು ಅಂಟಿಸಿದ್ದರು. ತಕ್ಷಣ ತಿಳಿಸಿ ತೆಗೆಸಿದೆ. ಆದರೆ ಜನರ ಫೋನಿಗೆ ಹೋದದ್ದನ್ನು ತೆಗೆಸಲು ಯಾರಿಂದಾಗುತ್ತದೆ? ಮೇಲ್ವಿಚಾರಕರು ಬೈಯಲಿಲ್ಲ. "ಹತ್ತು ಸೆಕೆಂಡ್ ಕಿವಿಗೊಟ್ಟಿದ್ದರೆ ಸಾಕಿತ್ತು" ಎಂದಷ್ಟೇ ಹೇಳಿದರು.

ಗುಂಪಿಗೆ ಅದನ್ನು ಕಳಿಸಿದವರು ನನ್ನ ಮಾವ. ಕೇಳಿದರೆ, "ನನಗೆ ಬಂತು, ನಾನು ಕಳಿಸಿದೆ, ಅಷ್ಟೇ" ಎಂದರು. ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ನಾನು ಮಾಡಿದ್ದೂ ಅದನ್ನೇ. ವ್ಯತ್ಯಾಸವೆಂದರೆ ನನಗೆ ಸಂಬಳವಿತ್ತು, ಮಾವನಿಗೆ ಇರಲಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ

ಆದ್ದರಿಂದ ಪ್ರೀತಿಯ ವಿದ್ಯಾರ್ಥಿಗಳೇ, ಕಳಿಸುವ ಗುಂಡಿ ನಿಮ್ಮ ಬೆರಳಿನ ಕೆಳಗಿರುವಾಗ ನೀವೂ ಪರಿಶೀಲಕರೇ ಎಂದು ತಿಳಿಯಿರಿ. ಕಳಿಸುವ ಮೊದಲು ಸದ್ದು ಕೇಳಿ. ಯಾವ ಭಾಷೆ? ಬೋರ್ಡಿನಲ್ಲಿ ಯಾವ ಲಿಪಿ? ವಾಹನದ ನಂಬರ್ ಯಾವ ರಾಜ್ಯದ್ದು? ಮನೆಯ ಹಿರಿಯರಿಗೂ ಇದನ್ನು ಮರ್ಯಾದೆಯಿಂದ ತಿಳಿಸಿ. ಅವರನ್ನು ಗುಂಪಿನಲ್ಲಿ ನಾಲ್ಕು ಜನರೆದುರು ತಿದ್ದಬೇಡಿ, ಬೇರೆಯಾಗಿ ಫೋನ್ ಮಾಡಿ.

ಕೆಟ್ಟದ್ದು ಕಂಡರೆ ದೂರು ಕೊಡಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ಜಾಲ ಸಂಸ್ಥೆಗಳು ಭಾರತದಲ್ಲೇ ವಾಸಿಸುವ ದೂರು ಅಧಿಕಾರಿಯನ್ನು ಇಟ್ಟಿರಬೇಕು, ತಿಂಗಳಿಗೊಮ್ಮೆ ವರದಿಯನ್ನೂ ಪ್ರಕಟಿಸಬೇಕು. ನಮ್ಮ ಹೆಣ್ಣುಮಕ್ಕಳ ಚಿತ್ರವನ್ನು ಯಾರಾದರೂ ದುರುಪಯೋಗ ಮಾಡಿದರೆ ಹೆದರಿ ಶಾಲೆ ಬಿಡಬೇಕಾಗಿಲ್ಲ. ಸಂಸ್ಥೆಗೂ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೂ ದೂರು ಕೊಡಬಹುದು. ಪೋಷಕರಲ್ಲಿ ವಿನಂತಿ: ಅಂತಹ ದಿನ ಮಗಳ ಫೋನ್ ಕಿತ್ತುಕೊಳ್ಳಬೇಡಿ, ಅವಳ ಜೊತೆ ಠಾಣೆಗೆ ಹೋಗಿ.

ಈ ಕ್ಷೇತ್ರಕ್ಕೆ ಹೋಗಬಯಸುವವರು ಗಣಿತವನ್ನು ಗಟ್ಟಿ ಮಾಡಿಕೊಳ್ಳಿ, ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಯೂಟ್ಯೂಬ್ ಆರಂಭದಲ್ಲಿ ಬಹುಪಾಲು ನಡೆದದ್ದು ಪೈಥಾನ್ ಎಂಬ ಭಾಷೆಯಲ್ಲಿ. ಅದು ಇಂದಿಗೂ ಉಚಿತವಾಗಿ ಸಿಗುತ್ತದೆ. ನಿಮ್ಮ ಕನ್ನಡವನ್ನೂ ಬಿಡಬೇಡಿ.

ಬಾಗಿಲ ಬಳಿ ಸುಮ್ಮನೆ ನಿಂತಿದ್ದ ತಮ್ಮನೇ, ನಿನ್ನ ಮೊಬೈಲಿನ ಹಿಂದೆ ಗೂಗಲ್ ಇದೆ, ಕಂಪ್ಯೂಟರ್ ಇದೆ. ನಿದ್ದೆಗೆಟ್ಟು ಹೆಡ್‌ಫೋನ್ ಹಾಕಿಕೊಂಡು ಕುಳಿತ, ನಿನ್ನ ಅಣ್ಣನಂತಹ ಒಬ್ಬನೂ ಇದ್ದಾನೆ. ಅವನಿಂದಲೂ ತಪ್ಪಾಗುತ್ತದೆ. ಅವನು ತಪ್ಪಿದ ದಿನ ಮುಂದಿನ ಸರದಿ ನಿನ್ನದು.