ಹಡಗು ಹತ್ತಿದ ಮಧ್ಯಾಹ್ನ

ಮುಂಬೈಯ ಬಲ್ಲಾರ್ಡ್ ಪಿಯರ್‌ನಲ್ಲಿ ಒಂದು ಕಾಲಕ್ಕೆ ಜನ ಹಡಗು ಹತ್ತುತ್ತಿದ್ದದ್ದು ಮನೆಯವರನ್ನು ಬಿಟ್ಟು ಹೋಗುವುದಕ್ಕೆ. ಓದಿಗೆ, ಉದ್ಯೋಗಕ್ಕೆ, ಯುದ್ಧಕ್ಕೆ. ವಿಲಾಯತಿಯಿಂದ ಬಂದಿಳಿದವರನ್ನು ಪೇಶಾವರದವರೆಗೆ ಕೊಂಡೊಯ್ಯಲು 1928ರಲ್ಲಿ ಶುರುವಾದ ಫ್ರಾಂಟಿಯರ್ ಮೇಲ್ ರೈಲು ಚಳಿಗಾಲದಲ್ಲಿ ಈ ಹಡಗುಕಟ್ಟೆಯಿಂದಲೇ ಹೊರಡುತ್ತಿತ್ತು. ಈಗ ಅದೇ ದಂಡೆಯಲ್ಲಿ ಅಜ್ಜಿ, ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲ ಸೇರಿ ಗೋವಾಕ್ಕೋ ಲಕ್ಷದ್ವೀಪಕ್ಕೋ ಹಡಗು ಹತ್ತುತ್ತಾರೆ. ನಾಲ್ಕು ದಿನ ಒಟ್ಟಿಗೆ ಇರಬೇಕೆಂಬುದೇ ಪ್ರಯಾಣದ ಕಾರಣ. ಶಿವಮೊಗ್ಗದಿಂದ ನಮ್ಮ ಅತ್ತೆಯವರನ್ನೂ ಕರೆದುಕೊಂಡು ನಾವು ಹೊರಟದ್ದೂ ಹಾಗೆಯೇ.

ಟರ್ಮಿನಲ್ಲಿನ ಬಾಗಿಲಲ್ಲೇ ದೊಡ್ಡ ಸೂಟ್‌ಕೇಸುಗಳನ್ನು ಒಪ್ಪಿಸಿಬಿಡಬೇಕು. ಕೋಣೆಯ ನಂಬರು ಬರೆದ ಚೀಟಿ ಕಟ್ಟಿ ಕಳಿಸುತ್ತಾರೆ. ಅವು ಮತ್ತೆ ಕಣ್ಣಿಗೆ ಬೀಳುವುದು ಸಂಜೆ. ಆದ್ದರಿಂದ ಹಿರಿಯರ ಬಿಪಿ ಮಾತ್ರೆ, ಮಕ್ಕಳಿಗೆ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ತಪಾಸಣೆ, ಫೋಟೊ ಎಲ್ಲ ಮುಗಿದ ಮೇಲೆ ಒಂದು ಕಾರ್ಡು ಕೊಡುತ್ತಾರೆ. ಕೋಣೆಯ ಬೀಗ ತೆಗೆಯುವುದೂ ಅದೇ, ಕೊಂಡದ್ದರ ಲೆಕ್ಕ ಬರೆಸುವುದೂ ಅದೇ.

ನಾವು ಹತ್ತಿದ ಹಡಗಿನ ಹೆಸರು ಎಂಪ್ರೆಸ್. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ಉದ್ದ ಸುಮಾರು 210 ಮೀಟರ್. ದಂಡೆಯಲ್ಲಿ ನಿಂತು ತಲೆಯೆತ್ತಿದರೆ ಬಿಳಿಯ ಗೋಡೆ ಕಾಣುತ್ತದೆಯೇ ಹೊರತು ಹಡಗು ಕಾಣುವುದಿಲ್ಲ. ಒಳಗೆ ಹೋದರೆ ಹಲವು ಅಂತಸ್ತು ಎತ್ತರದ ಹಜಾರ, ದೀಪ, ಸಂಗೀತ. ಮಕ್ಕಳು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತಾ ನಿಂತರು. ಆ ಬೆರಗನ್ನು ನಾನು ಸಣ್ಣದೆನ್ನುವುದಿಲ್ಲ. ಆದರೂ ಆ ಮಧ್ಯಾಹ್ನದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಹಡಗಿನ ಕೆಲಸಗಾರರು.

ಹತ್ತಿದ ಕೂಡಲೇ ಕೋಣೆ ಸಿಗುವುದಿಲ್ಲ. ಸುತ್ತಲೂ ಗೊಣಗಾಟ ಕೇಳುತ್ತಿತ್ತು. ಕಾರಣ ಸರಳ. ಬೆಳಿಗ್ಗೆ ಒಂದು ಮದುವೆಯವರು ಖಾಲಿ ಮಾಡಿದ ಛತ್ರಕ್ಕೆ ಸಂಜೆ ಇನ್ನೊಂದು ದಿಬ್ಬಣ ಬರುವ ಹಾಗೆ, ಹಳೆಯ ಪ್ರಯಾಣಿಕರು ಇಳಿದು ಹೋದ ಕೆಲವೇ ಗಂಟೆಗಳಲ್ಲಿ ನಾವು ಬಂದಿರುತ್ತೇವೆ. ಅಷ್ಟರೊಳಗೆ ನೂರಾರು ಕೋಣೆಗಳ ಹಾಸಿಗೆ ಬದಲಾಗಬೇಕು, ಬಚ್ಚಲು ತೊಳೆಯಬೇಕು, ತರಕಾರಿ, ಹಾಲು, ಅಕ್ಕಿ ಒಳಗೆ ಬರಬೇಕು. ನಮಗೆ ರಜೆ ಶುರುವಾಗುವ ದಿನವೇ ಅವರಿಗೆ ಅತಿ ಕಷ್ಟದ ದಿನ.

ಹೊರಡುವ ಮುಂಚೆ ತಾಲೀಮಿಗೆ ಕರೆ ಬಂತು. ಕೊಟ್ಟ ಕಾರ್ಡಿನ ಮೂಲೆಯಲ್ಲಿ ಒಂದು ಅಕ್ಷರ ಇರುತ್ತದೆ. ಅಪಾಯ ಬಂದರೆ ನಾವು ಸೇರಬೇಕಾದ ಜಾಗದ ಗುರುತು ಅದು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಹಡಗು ಕೂಗಿದರೆ ಎಲ್ಲಿದ್ದರೂ ಅಲ್ಲಿಗೆ ನಡೆಯಬೇಕು. ಕೆಲವರು ಊಟದ ತಟ್ಟೆ ಬಿಟ್ಟು ಬರಲು ಬೇಸರಪಟ್ಟರು. ಅವರಿಗೆ ಕೋಸ್ಟಾ ಕಾಂಕೋರ್ಡಿಯಾದ ಕಥೆ ಗೊತ್ತಿದ್ದರೆ ಬೇಸರಪಡುತ್ತಿರಲಿಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ಜೀಲ್ಯೊ ದ್ವೀಪದ ಬಳಿ ಆ ಹಡಗು ಬಂಡೆಗೆ ತಾಗಿತು. 32 ಜನ ಸತ್ತರು. ಹತ್ತಿದ 24 ಗಂಟೆಯೊಳಗೆ ತಾಲೀಮು ಮಾಡಿಸಿದರೆ ಸಾಕೆಂದು ಆಗಿನ ನಿಯಮವಿತ್ತು. ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಜನರಿಗೆ ತಾಲೀಮು ಆಗಿರಲೇ ಇಲ್ಲ. ಆಮೇಲೆ ನಿಯಮ ಬದಲಾಯಿತು: 2015ರಿಂದ ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ, ತಾಲೀಮು ಮುಗಿಯಬೇಕು.

ನಮ್ಮ ಗುಂಪಿಗೆ ಹೇಳಿಕೊಡುತ್ತಿದ್ದ ಹುಡುಗ, ಸ್ವಲ್ಪ ಹೊತ್ತಿನ ಮೊದಲು ನಮಗೆ ನಿಂಬೆ ಶರಬತ್ತು ತಂದುಕೊಟ್ಟಿದ್ದವನೇ. ಲೈಫ್ ಜಾಕೆಟ್ ಪಟ್ಟಿ ಹೇಗೆ ಬಿಗಿಯಬೇಕೆಂದು ಅತ್ತೆಯವರಿಗೆ ತೋರಿಸುತ್ತಾ, ಅವರು ಮೊಮ್ಮಗನಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ, "ಅಮ್ಮ, ನಿಮ್ದು ಯಾವ ಊರು?" ಅಂದ. ಅವನ ಊರು ಕಾಪು ಹತ್ತಿರ. ಊಟ ಬಡಿಸುವ ಹುಡುಗ, ಹೊತ್ತು ಬಂದರೆ ನಮ್ಮ ಜೀವ ಕಾಯಬೇಕಾದವನೂ ಹೌದು, ಅದಕ್ಕೆ ತರಬೇತಿ ಪಡೆದವನು ಎಂದು ಮಕ್ಕಳಿಗೆ ಅಲ್ಲಿಯೇ ಹೇಳಿದೆ. ಅವರು ಅವನನ್ನು ನೋಡುವ ನೋಟವೇ ಬದಲಾಯಿತು.

ಹಡಗು ದಂಡೆ ಬಿಟ್ಟಾಗ ಎಲ್ಲರೂ ಡೆಕ್ಕಿಗೆ ಹೋದೆವು. ಬಂದರಿನ ಕಾಲುವೆ, ಮರಳು ದಿಬ್ಬ, ಉಬ್ಬರವಿಳಿತ ಬಲ್ಲ ಪೈಲಟ್ ಒಬ್ಬರು ಹೊರಗಿನ ಕಡಲು ಸಿಗುವವರೆಗೆ ಕ್ಯಾಪ್ಟನ್ ಪಕ್ಕದಲ್ಲಿ ನಿಂತು ದಾರಿ ಹೇಳುತ್ತಾರೆ. ಆಮೇಲೆ ಒಂದು ಚಿಕ್ಕ ದೋಣಿ ಪಕ್ಕಕ್ಕೆ ಬರುತ್ತದೆ. ಎರಡೂ ಚಲಿಸುತ್ತಿರುವಾಗಲೇ ಅವರು ಏಣಿ ಇಳಿದು ದೋಣಿಗೆ ಕಾಲಿಡುತ್ತಾರೆ. ಮಕ್ಕಳಿಗೆ ತೋರಿಸಲೇಬೇಕಾದ ನೋಟ ಅದು.

"ಅವರು ಮನೆಗೆ ಹೋಗ್ತಾರಾ?" ಎಂದು ಅತ್ತೆಯವರು ಕೇಳಿದರು. ಪೈಲಟ್ ರಾತ್ರಿ ಮನೆ ಸೇರಬಹುದು. ಹಡಗಿನವರ ಲೆಕ್ಕ ತಿಂಗಳುಗಳದ್ದು. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಅವರ ಹಕ್ಕೆಂದು 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಹೇಳುತ್ತದೆ. ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿತು. ವಿಶ್ರಾಂತಿಗೆ ಕಾನೂನು ಬಂತು, ಆದರೆ ಮನೆಯ ನೆನಪಿಗೆ ಏನು ಮಾಡುವುದು? ನಮ್ಮ ಮೂರು ತಲೆಮಾರು ಒಂದೇ ಮೇಜಿಗೆ ಕೂತು ಉಣ್ಣಲೆಂದು, ಅಷ್ಟೂ ಜನ ತಮ್ಮ ಮನೆಯ ಊಟದ ಹೊತ್ತನ್ನು ಬಿಟ್ಟು ಬಂದಿದ್ದಾರೆ.

ರಾತ್ರಿ ಊಟಕ್ಕೆ ಕೂತಾಗ ಕಾಪುವಿನ ಹುಡುಗನೇ ಅನ್ನ ಸಾರು ತಂದ. ರಜೆ ಯಾವಾಗ ಅಂತ ಅತ್ತೆಯವರು ವಿಚಾರಿಸಿದರು. ಮಳೆಗಾಲಕ್ಕೆ, ಅಮ್ಮ, ಅಂದ. "ಆಗುಂಬೆ ಘಾಟಿ ಹತ್ತಿದ್ರೆ ಎಷ್ಟು ದೂರ ನಮ್ಮೂರು? ನಿನ್ನ ತಾಯಿನ್ನೂ ಕರ್ಕೊಂಡು ಬಾ" ಎಂದು ಹೇಳಿ, ಅವನ ನಂಬರು ಬರೆದುಕೊಳ್ಳಲು ನನಗೆ ಕಣ್ಸನ್ನೆ ಮಾಡಿದರು.